ಬೈಲಹೊಂಗಲದ ಬಿಸಿಲು, ಗಾಜಿನೊಳಗಿನ ಕಡಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕರಲ್ಲಿ ಯಾವ ಊರಿನಿಂದ ಹೊರಟರೂ ಕಡಲು ಕಾಣಲು ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಇಲ್ಲಿಯವರಿಗೆ ಮೀನೆಂದರೆ ಮಲಪ್ರಭೆಯ ಮೀನು, ನವಿಲುತೀರ್ಥದ ಹಿನ್ನೀರಿನ ಮೀನು. ಪಡಸಾಲೆಯ ಮೂಲೆಯ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ, ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಕ್ಲೌನ್ ಮೀನು ಬಿಡುವುದು ಈ ಸೀಮೆಗೆ ಅಪರೂಪದ ಹವ್ಯಾಸವೇ.

ಕೇಳಿದವರ ಮೊದಲ ಪ್ರಶ್ನೆ, ಸಮುದ್ರದ ನೀರು ಎಲ್ಲಿಂದ ತರುತ್ತೀರಿ ಎಂಬುದು. ಅದು ದೊಡ್ಡ ಕಷ್ಟವಲ್ಲ. ಅಕ್ವೇರಿಯಂಗೆಂದೇ ಮಾರುವ ಸಮುದ್ರ ಲವಣದ ಪುಡಿಯನ್ನು ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕದಡಿದರೆ ಆಯಿತು. ಅಡುಗೆ ಉಪ್ಪು ನಡೆಯದು, ಅದರಲ್ಲಿ ಕಡಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವುದಿಲ್ಲ. ನಿಜವಾದ ಪರೀಕ್ಷೆ ಶುರುವಾಗುವುದು ಯುಗಾದಿ ಕಳೆದ ಮೇಲೆ, ಹೊರಗೆ 38 ಡಿಗ್ರಿ ಸೆಲ್ಸಿಯಸ್ ಬಿಸಿಲು ಸುರಿಯತೊಡಗಿದಾಗ.

ಎರಡಡಿ ಉದ್ದದ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ಉಳಿಯುವುದು ಹೆಚ್ಚೆಂದರೆ 60 ಲೀಟರ್ ನೀರು. ಇಷ್ಟು ಕಡಿಮೆ ನೀರು ಕೋಣೆಯ ಬಿಸಿಯನ್ನು ಬೇಗ ಹಿಡಿಯುತ್ತದೆ. ಸಾಕುವವರು ಸಾಮಾನ್ಯವಾಗಿ 25ರಿಂದ 27 ಡಿಗ್ರಿ ಕಾಯ್ದುಕೊಳ್ಳಲು ನೋಡುತ್ತಾರೆ. ಹಾಗೆ ನೋಡಿದರೆ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲ್ಪದರವೇ 30 ಡಿಗ್ರಿಯಷ್ಟಿರುತ್ತದೆ, ಅಲ್ಲಿ ಮೀನು ಬದುಕಿಯೇ ಇದೆ. ಆದರೆ ಕಡಲಿನ ನೀರು ಮಧ್ಯಾಹ್ನಕ್ಕೊಂದು, ಬೆಳಗಿನ ಜಾವಕ್ಕೊಂದು ಬಿಸಿ ತೋರುವುದಿಲ್ಲ. ಅಲೆಯೂ ನಿಲ್ಲುವುದಿಲ್ಲ. ತೊಟ್ಟಿಯಲ್ಲಿ ಇವೆರಡೂ ಕೈಕೊಡುತ್ತವೆ.

ಉಸಿರಿನ ತೊಂದರೆ ಇನ್ನೊಂದು. 25 ಡಿಗ್ರಿಯ ಉಪ್ಪುನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 32 ಡಿಗ್ರಿಗೆ ಅದು 6ರ ಹತ್ತಿರ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಯಿಂದ ಮೀನಿನ ದೇಹದ ವ್ಯಾಪಾರ ಚುರುಕಾಗಿ, ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರ! ಕಿವಿರು ಬಡಬಡನೆ ಆಡಿಸುತ್ತ ಮೀನು ನೀರಿನ ಮೇಲ್ಭಾಗಕ್ಕೆ ಬಂದು ನಿಂತಿತೆಂದರೆ ತಡಮಾಡುವಂತಿಲ್ಲ.

ಈ ಬಯಲುಸೀಮೆಯ ಬಿಸಿಲಿಗೇ ಒಂದು ಒಳ್ಳೆಯ ಗುಣವಿದೆ, ಅದು ಒಣ ಬಿಸಿಲು. ಮಂಗಳೂರಿನ ಸೆಖೆಯಲ್ಲಿ, 34 ಡಿಗ್ರಿ ಬಿಸಿ ಮತ್ತು ಶೇ. 70 ತೇವಾಂಶ ಇದ್ದಾಗ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 29ಕ್ಕಿಂತ ಕೆಳಗಿಳಿಯದು. ರಾಮದುರ್ಗದ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದು ತೇವಾಂಶ ಶೇ. 20ರಷ್ಟಿದ್ದರೆ ಅದೇ ಥರ್ಮಾಮೀಟರ್ 21ರವರೆಗೂ ಇಳಿಯುತ್ತದೆ. ಬರೀ ಗಾಳಿ ಬೀಸಿ ನೀರನ್ನು ಎಷ್ಟು ತಣ್ಣಗಾಗಿಸಬಹುದು ಎಂಬುದರ ಕೊನೆಯ ಗೆರೆ ಇದು. ತೊಟ್ಟಿಯ ನೀರು ಅಷ್ಟು ಕೆಳಗೆ ಮುಟ್ಟುವುದಿಲ್ಲ, ನಿಜ. ಆದರೂ ಕಡಲ ದಂಡೆಯವರಿಗಿಂತ ಕಡಲಿಲ್ಲದ ಊರಿನವರಿಗೇ ಕಡಲ ಮೀನನ್ನು ಫ್ಯಾನಿನಿಂದ ತಂಪಾಗಿಡುವುದು ಸುಲಭ. ಮಣ್ಣಿನ ಹರವಿಯ ನೀರು ಈ ಭಾಗದಲ್ಲಿ ಕೊರೆಯುವಷ್ಟು ತಣ್ಣಗಾಗುವುದೂ ಇದೇ ಕಾರಣಕ್ಕೆ.

ಆವಿಯ ಶಕ್ತಿ ಸಣ್ಣದಲ್ಲ. ಅರ್ಧ ಲೀಟರ್ ನೀರು ಆವಿಯಾದರೆ 60 ಲೀಟರಿನ ತೊಟ್ಟಿಯಿಂದ ಸುಮಾರು ಐದು ಡಿಗ್ರಿ ಇಳಿಸುವಷ್ಟು ಶಾಖ ಹೊತ್ತೊಯ್ಯುತ್ತದೆ. ಕೋಣೆಯ ಬಿಸಿ ಮತ್ತೆ ಒಳಗೆ ಸೇರುತ್ತಲೇ ಇರುವುದರಿಂದ ಲೆಕ್ಕದಷ್ಟು ಇಳಿಯುವುದಿಲ್ಲ, ಎರಡು ಮೂರು ಡಿಗ್ರಿ ಇಳಿದರೂ ಮೀನು ಬದುಕಿತು. ಇದಕ್ಕೆ ಕಂಪ್ಯೂಟರಿನೊಳಗೆ ತಿರುಗುವಂಥ 12 ವೋಲ್ಟಿನ ಒಂದೋ ಎರಡೋ ಪುಟ್ಟ ಫ್ಯಾನ್ ಸಾಕು. ತೊಟ್ಟಿಯ ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಹೊದಿಸಿ, ಗಾಳಿ ನೀರಿನ ಮೇಲೆ ಓರೆಯಾಗಿ ಸವರಿಕೊಂಡು ಹೋಗುವಂತೆ ಫ್ಯಾನನ್ನು ಅಂಚಿಗೆ ಕಟ್ಟಬೇಕು. ಹೀಗೆ ಕಟ್ಟಿದ ಫ್ಯಾನನ್ನು ಕೆಲವು ದಿನ ಬಿಟ್ಟು ನೋಡಿದರೆ ರೆಕ್ಕೆಯ ಅಂಚಿಗೆ ಬಿಳಿ ಉಪ್ಪು ಹರಳುಗಟ್ಟಿರುತ್ತದೆ, ತಿರುಪಿನ ತಲೆಗೆ ತುಕ್ಕು ಹತ್ತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋತಾಡುವಂತೆ ಬಿಟ್ಟರೆ ಹನಿ ಅಲ್ಲೇ ಉದುರುತ್ತದೆ, ಸ್ವಿಚ್ ಬೋರ್ಡಿಗೆ ಹರಿಯುವುದಿಲ್ಲ.

ಹೊಸಬರು ಎಡವುವುದು ನೀರು ತುಂಬಿಸುವಲ್ಲಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೊಂದು ಲೀಟರ್ ಇಂಗುವ ತೊಟ್ಟಿಯನ್ನು ಐದು ದಿನ ಮರೆತರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 38 ದಾಟುತ್ತದೆ. ಆದ್ದರಿಂದ ದಿನವೂ ಸೇರಿಸಬೇಕಾದದ್ದು ಸಿಹಿನೀರು. ಈ ತಾಲೂಕುಗಳ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಅದನ್ನೇ ಸುರಿದರೆ ಸುಣ್ಣದಂಶ ದಿನೇ ದಿನೇ ಸೇರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ಎರಡು ಮೂರು ವಾರ ಬಾಳುತ್ತದೆ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದಿಟ್ಟು, ಬೆಳಗೊಮ್ಮೆ ಗೆರೆಗೆ ತಂದರೆ ಮುಗಿಯಿತು.

ಬಿಸಿ ಹೊರಗಿನಿಂದಷ್ಟೇ ಬರುವುದಿಲ್ಲ. ನೀರಿನಲ್ಲಿ ಮುಳುಗಿ ಓಡುವ 10 ವ್ಯಾಟಿನ ಪಂಪ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ನೀರಿಗೇ ಸೇರುತ್ತದೆ. ಅದೊಂದನ್ನು ಕಳೆಯಲೇ ದಿನಕ್ಕೆ ಸುಮಾರು 350 ಮಿಲಿಲೀಟರ್ ನೀರು ಆವಿಯಾಗಬೇಕು. ದೀಪವನ್ನು ಮಧ್ಯಾಹ್ನ ಆರಿಸಿ ಸಂಜೆಯಿಂದ ರಾತ್ರಿಯವರೆಗೆ ಹಚ್ಚುವುದು ಜಾಣತನ, ಮೀನಿಗೆ ಅದರಿಂದ ನಷ್ಟವೇನಿಲ್ಲ. ತೊಟ್ಟಿ ಇಡುವ ಜಾಗವೂ ಮುಖ್ಯ. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಯಾದರೆ ಅರ್ಧ ಕೆಲಸ ಆದಂತೆ. ಆರ್‌ಸಿಸಿ ಮನೆಯ ಮೇಲ್ಮಹಡಿ ಬೇಡವೇ ಬೇಡ, ಹಗಲೆಲ್ಲ ಕಾದ ಸ್ಲ್ಯಾಬ್ ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ನೀರಿನ ಕೂಲರ್ ಹಚ್ಚಿ, ಜೊತೆಗೆ ತೊಟ್ಟಿಗೂ ಫ್ಯಾನ್ ಹಚ್ಚುವವರಿದ್ದಾರೆ. ಕೂಲರ್ ಕೋಣೆಯ ಗಾಳಿಯನ್ನು ಒದ್ದೆ ಮಾಡುವುದರಿಂದ ಫ್ಯಾನಿನ ಕೆಲಸ ಕುಂಠಿತವಾಗುತ್ತದೆ. ಕಿಟಕಿ ತೆರೆದಿರಬೇಕು. ಐಸ್ ಗಡ್ಡೆ ನೇರ ಹಾಕುವುದು ಇನ್ನೊಂದು ಅವಸರ. ಅನಿವಾರ್ಯವಾದರೆ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಬಾಟಲಿಯನ್ನು ಮುಚ್ಚಳ ಬಿಗಿದು ತೇಲಿಬಿಟ್ಟು, ಥರ್ಮಾಮೀಟರ್ ಮೇಲೆ ಕಣ್ಣಿಟ್ಟು, ಒಂದು ಡಿಗ್ರಿ ಇಳಿಯುತ್ತಲೇ ಎತ್ತಬೇಕು. ಚಿಲ್ಲರ್ ಯಂತ್ರ ಖಚಿತವಾದ ಉಪಾಯ, ಆದರೆ ದುಬಾರಿ. ನೀರಿನಿಂದ ತೆಗೆದ ಬಿಸಿಯನ್ನು ಅದೇ ಕೋಣೆಗೆ ಬಿಡುತ್ತದೆ ಕೂಡ. ಗುಡುಗು ಮಳೆಯ ಸಂಜೆ ಕರೆಂಟ್ ಹೋದರೆ ಮೊದಲು ಬೇಕಾಗುವುದು ತಂಪಲ್ಲ, ಉಸಿರು. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು. ಆ ಹೊತ್ತಿಗೆ ಮೀನಿಗೆ ಆಹಾರ ಹಾಕಬಾರದು. ಬಿಸಿ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚು.

ಏನು ಸಾಕಬೇಕೆಂಬುದಕ್ಕೂ ಬೇಸಿಗೆಗೂ ನಂಟಿದೆ. ಹವಳ ಮೀನಿಗಿಂತ ಸೂಕ್ಷ್ಮ. ರೂಢಿಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಅದು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಆದದ್ದು ಅದೇ. ಮೇಲಾಗಿ ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕಡಲಿನಿಂದ ಕಿತ್ತು ಮಾರುವುದು ಅಪರಾಧ. ಕ್ಲೌನ್ ಮೀನಿನ ಮಾತು ಬೇರೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಮರಿ ಮಾಡಿಸುವ ತಂತ್ರ ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಯನ್ನು ಕೇಳಿ ಕೊಳ್ಳುವುದು ಮೇಲು.

ಮಿರಗದ ಮಳೆ ಹಿಡಿದ ಮೇಲೆ ಗಾಳಿ ಒದ್ದೆಯಾಗಿ ಫ್ಯಾನಿನ ಜೋರು ಕುಗ್ಗುತ್ತದೆ. ಅಷ್ಟರಲ್ಲಿ ಹೊರಗಿನ ಬಿಸಿಯೂ ಇಳಿದಿರುತ್ತದೆ, ಅದರಲ್ಲೂ ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನಲ್ಲಿ ರಾಮದುರ್ಗಕ್ಕಿಂತ ಬೇಗ. ಫ್ಯಾನನ್ನು ಬಿಚ್ಚಿ, ಉಪ್ಪು ತೊಳೆದು, ಒಣಗಿಸಿ ಎತ್ತಿಡಬಹುದು. ಡಿಸೆಂಬರಿನ ಚಳಿಗೆ ಅದೇ ಅಂಚಿಗೆ ಹೀಟರ್ ಇಳಿಬಿಡಬೇಕಾಗುತ್ತದೆ.