ಭುಜದ ಕೀಲು ಬದಲಾವಣೆ: ಬೆಳೆಗಾರರು ತಿಳಿದಿರಬೇಕಾದ ವಿಷಯ

ಮಂಡಿಯ ಕೀಲು ಬದಲಾಯಿಸಿಕೊಂಡವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಭುಜದ ಕೀಲನ್ನೂ ಹಾಗೆಯೇ ಬದಲಾಯಿಸಬಹುದೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಮರಗಸಿ, ಔಷಧಿ ಸಿಂಪರಣೆ, ದೋಟಿಯಿಂದ ಕೊನೆ ಇಳಿಸುವುದು, ಚೀಲ ಹೊರುವುದು ಎಲ್ಲವೂ ಹೆಗಲನ್ನೇ ನಂಬಿದ ಕೆಲಸಗಳು. ಆದುದರಿಂದ ಈ ಶಸ್ತ್ರಚಿಕಿತ್ಸೆ ಯಾರಿಗೆ ಬೇಕು, ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ಕೀಲಿನ ರಚನೆ

ತೋಳಿನ ಮೂಳೆಯ ಮೇಲ್ತುದಿ ಚೆಂಡಿನಂತೆ ದುಂಡಗಿದೆ. ಅದು ಕೂರುವ ಹೆಗಲೆಲುಬಿನ ಗುಳಿಗೆ ಆಳ ಕಡಿಮೆ. ಚಮಚೆಯ ಮೇಲೆ ನಿಂಬೆಹಣ್ಣು ಇಟ್ಟಂತೆ. ಆದುದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗಬಲ್ಲದು. ಚೆಂಡು ಜಾರದಂತೆ ಹಿಡಿದಿರುವುದು ಸುತ್ತಲಿನ ನಾಲ್ಕು ಸ್ನಾಯುಗಳ ರಜ್ಜುಗಳು. ಈ ರಜ್ಜುಗಳು ಗಟ್ಟಿಯಾಗಿವೆಯೇ, ಹರಿದಿವೆಯೇ ಎಂಬುದರ ಮೇಲೆ ಚಿಕಿತ್ಸೆಯ ಬಗೆ ನಿರ್ಧಾರವಾಗುತ್ತದೆ.

ಯಾರಿಗೆ ಬೇಕು?

ಸಂಧಿವಾತದಿಂದ ಕೀಲಿನ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿರುವವರಿಗೆ, ರಜ್ಜು ಹರಿದು ವರ್ಷಗಳೇ ಕಳೆದು ಕೀಲು ಕೆಟ್ಟವರಿಗೆ, ಬಿದ್ದು ಚೆಂಡಿನ ಭಾಗ ಜೋಡಿಸಲಾಗದಂತೆ ಚೂರಾದ ಕೆಲವರಿಗೆ ಇದು ಬೇಕಾಗಬಹುದು. ಮೂಳೆ ಮುರಿತವೊಂದನ್ನು ಬಿಟ್ಟರೆ, ಮಾತ್ರೆ, ವ್ಯಾಯಾಮ, ಚುಚ್ಚುಮದ್ದು ಯಾವುದರಿಂದಲೂ ಗುಣ ಕಾಣದೆ, ನೋವಿನಿಂದ ರಾತ್ರಿ ನಿದ್ರೆಯೂ ಬಾರದಂತಾದಾಗ ಮಾತ್ರ ಇದನ್ನು ಯೋಚಿಸುವುದು ಸರಿ.

ಎಲ್ಲ ಭುಜನೋವಿಗೂ ಇದು ಮದ್ದಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ, ಭುಜ ಬಿಗಿದು ಹಿಡಿದುಕೊಳ್ಳುವ ತೊಂದರೆ ಒಂದೆರಡು ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಸಡಿಲವಾಗುತ್ತದೆ. ಕುತ್ತಿಗೆಯ ನರದ ತೊಂದರೆಯೂ ಭುಜದ ನೋವಾಗಿ ಕಾಣಿಸಬಹುದು.

ಎರಡು ಬಗೆ

1893ರಲ್ಲಿ ಪ್ಯಾರಿಸ್ಸಿನ ವೈದ್ಯ ಪೇಆನ್ ಪ್ಲಾಟಿನಂ ಮತ್ತು ರಬ್ಬರಿನ ಕೃತಕ ಭುಜವೊಂದನ್ನು ಕ್ಷಯರೋಗಿಯೊಬ್ಬನಿಗೆ ಜೋಡಿಸಿದರು. ಸೋಂಕಿನಿಂದಾಗಿ ಮುಂದೆ ಅದನ್ನು ತೆಗೆಯಬೇಕಾಯಿತು. 1950ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಇಂದಿನ ಪದ್ಧತಿಗೆ ಬುನಾದಿ ಹಾಕಿದರು. ಇದರಲ್ಲಿ ಚೆಂಡಿನ ಜಾಗಕ್ಕೆ ಲೋಹದ ಚೆಂಡು, ಗುಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ. ರಜ್ಜುಗಳು ಚೆನ್ನಾಗಿದ್ದರೆ ಮಾತ್ರ ಇದು ಸರಿಹೋಗುತ್ತದೆ.

ರಜ್ಜು ಹರಿದವರ ಗತಿಯೇನು? 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮಾಂಟ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಚೆಂಡನ್ನು ಹೆಗಲೆಲುಬಿಗೂ ಬಟ್ಟಲನ್ನು ತೋಳಿನ ಮೂಳೆಗೂ ಅದಲುಬದಲು ಮಾಡಿದರು. ಹೀಗೆ ಮಾಡಿದಾಗ ಹೆಗಲಿನ ಹೊರಗಿನ ದೊಡ್ಡ ಸ್ನಾಯುವೇ, ಹರಿದ ರಜ್ಜುಗಳ ನೆರವಿಲ್ಲದೆ, ಕೈಯನ್ನು ಮೇಲೆತ್ತುತ್ತದೆ. ಇದಕ್ಕೆ 'ರಿವರ್ಸ್' ಬಗೆ ಎನ್ನುತ್ತಾರೆ.

ಆಮೇಲೆ ಏನು?

ಆಸ್ಪತ್ರೆಯಲ್ಲಿ ಕೆಲವೇ ದಿನಗಳ ವಾಸ. ಬಳಿಕ ಸುಮಾರು 4ರಿಂದ 6 ವಾರ ಕೈ ಜೋಳಿಗೆಯಲ್ಲಿರಬೇಕು. ವ್ಯಾಯಾಮವನ್ನು ತಿಂಗಳುಗಟ್ಟಲೆ ತಪ್ಪದೆ ಮಾಡಬೇಕು. ಇದನ್ನು ಅಲಕ್ಷಿಸಿದರೆ ಶಸ್ತ್ರಚಿಕಿತ್ಸೆಯ ಫಲ ಪೂರ್ತಿ ಸಿಗದು. ಕೈ ಬಳಕೆಗೆ ಬರಲು ಆರು ತಿಂಗಳಾದರೂ ಹಿಡಿದೀತು. ಹತ್ತರಲ್ಲಿ ಒಂಬತ್ತು ಕೀಲುಗಳು ಹತ್ತು ವರ್ಷ ಬಾಳುತ್ತವೆ. ಸೋಂಕು, ಕೀಲು ತಪ್ಪುವುದು, ನರಕ್ಕೆ ಪೆಟ್ಟು, ಜೋಡಣೆ ಸಡಿಲವಾಗುವುದು ಇವು ವಿರಳವಾದರೂ ಇಲ್ಲವೆನ್ನುವಂತಿಲ್ಲ.

ಮುಖ್ಯವಾದ ಮಾತು ಇದು: ಈ ಚಿಕಿತ್ಸೆಯಿಂದ ನಿಶ್ಚಯವಾಗಿ ನಿರೀಕ್ಷಿಸಬಹುದಾದದ್ದು ನೋವಿನ ಶಮನವೇ ಹೊರತು ಹಿಂದಿನ ಕಸುವಲ್ಲ. ಊಟ, ಸ್ನಾನ, ತಲೆ ಬಾಚುವುದು, ತೋಟ ಸುತ್ತುವುದು, ಹಗುರವಾದ ಕೆಲಸ ಇವು ಸಾಧ್ಯ. ಆದರೆ ಆ ಕೈಯಿಂದ ಹತ್ತು-ಹನ್ನೆರಡು ಕಿಲೋಗಿಂತ ಹೆಚ್ಚಿನ ಭಾರ ಎತ್ತಬೇಡಿರೆಂದು ಅನೇಕ ವೈದ್ಯರು ಹೇಳುತ್ತಾರೆ. ಐವತ್ತು ಕಿಲೋ ಚೀಲ ಹೊರುವುದು, ಮರ ಹತ್ತುವುದು ಅಲ್ಲಿಗೆ ಮುಗಿಯಿತು. ಸ್ವಂತ ಮೈದುಡಿಮೆಯಿಂದಲೇ ತೋಟ ನಡೆಸುವ ಸಣ್ಣ ಬೆಳೆಗಾರರು ಆ ಕೆಲಸಗಳಿಗೆ ಯಾರೆಂಬುದನ್ನು ಮನೆಯವರೊಡನೆ ಮೊದಲೇ ಆಲೋಚಿಸಿಕೊಳ್ಳಬೇಕು.

ಸವೆತಕ್ಕೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಅವಸರವಿಲ್ಲ. ವೈದ್ಯರನ್ನು ಕೇಳಿಕೊಂಡು ಕೊಯ್ಲು ಮುಗಿದ ಮೇಲೆ ದಿನ ಗೊತ್ತುಮಾಡಬಹುದು. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದುಕೊಳ್ಳುವುದು, ಬೀಡಿ ಸಿಗರೇಟು ಬಿಡುವುದು, ರಕ್ತ ತೆಳುಮಾಡುವ ಮಾತ್ರೆ ಸೇವಿಸುತ್ತಿದ್ದರೆ ತಿಳಿಸುವುದು ಅಗತ್ಯ. ನನಗೆ ಯಾವ ಬಗೆ, ಏಕೆ, ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ, ಒಟ್ಟು ಖರ್ಚೆಷ್ಟು ಎಂದು ಕೇಳಲು ಸಂಕೋಚಪಡಬಾರದು. ವಿಮೆ ಅಥವಾ ಆರೋಗ್ಯ ಯೋಜನೆಯ ಕಾರ್ಡು ಇದ್ದವರು ಈ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು.

ಕಡೆಯದಾಗಿ ಒಂದು ಮಾತು. ಬಿದ್ದಮೇಲೆ ಕೈ ಎತ್ತಲಾಗದಿದ್ದರೆ ಎಣ್ಣೆ ತಿಕ್ಕಿಸುತ್ತಾ ತಿಂಗಳು ಕಳೆಯಬೇಡಿರಿ; ಕೂಡಲೇ ಮೂಳೆ ವೈದ್ಯರಿಗೆ ತೋರಿಸಿರಿ. ಹೊಸದಾಗಿ ಹರಿದ ರಜ್ಜುವನ್ನು ಹೊಲಿದು ಸರಿಪಡಿಸುವ ಅವಕಾಶ ಹೆಚ್ಚು. ಬಿಟ್ಟರೆ ಅದು ಒಳಕ್ಕೆ ಸರಿದು, ಸ್ನಾಯು ಸೊರಗಿ, ಹೊಲಿಯಲು ಬಾರದಂತಾಗುತ್ತದೆ. ಸಕಾಲದಲ್ಲಿ ನೋಡಿಕೊಂಡರೆ ಕೀಲು ಬದಲಾಯಿಸುವ ಪ್ರಸಂಗವೇ ಅನೇಕರಿಗೆ ಬರಲಾರದು.