ಎಂಟಡಿ ತೊಟ್ಟಿಯ ಬಿಸಿ ಮತ್ತು ಉಸಿರು

ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಸುಮಾರು 1700 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 1700 ಕಿಲೋ. ಗಾಜು, ಮರಳು, ಸ್ಟ್ಯಾಂಡು ಬೇರೆ. ಸಣ್ಣ ತೊಟ್ಟಿ ಸಾಕಿ ಪಳಗಿದವರು ಇಂಥದ್ದನ್ನು ಮನೆಗೆ ತಂದಾಗ ಸಾಮಾನ್ಯವಾಗಿ ಹಳೆಯ ಸಲಕರಣೆಯನ್ನೇ ಹತ್ತು ಪಟ್ಟು ದೊಡ್ಡದಾಗಿ ಕೊಳ್ಳಲು ಹೊರಡುತ್ತಾರೆ. ಅದು ಸರಿಯಾದ ದಾರಿಯಲ್ಲ. ನೀರು ಹೆಚ್ಚಿದಂತೆ ಅದರ ಸ್ವಭಾವವೇ ಬದಲಾಗುತ್ತದೆ.

ಮೊದಲು ಬಿಸಿಯ ಲೆಕ್ಕ ನೋಡೋಣ. ಒಂದು ತೊಟ್ಟಿಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿದರೆ ಅದರೊಳಗಿನ ನೀರು ಎಂಟು ಪಟ್ಟಾಗುತ್ತದೆ, ಆದರೆ ಬಿಸಿ ಸೋರಿಹೋಗುವ ಮೈ ನಾಲ್ಕೇ ಪಟ್ಟು ಹಿಗ್ಗುತ್ತದೆ. ಅದಕ್ಕಾಗಿಯೇ ದೊಡ್ಡ ತೊಟ್ಟಿ ನಿಧಾನವಾಗಿ ತಣಿಯುತ್ತದೆ, ನಿಧಾನವಾಗಿ ಬಿಸಿಯಾಗುತ್ತದೆ. ಲೀಟರಿಗೆ ಒಂದು ವ್ಯಾಟ್ ಎಂಬ ಸಣ್ಣ ತೊಟ್ಟಿಯ ರೂಢಿಯನ್ನು ಇಲ್ಲಿಗೆ ತಂದರೆ 1700 ವ್ಯಾಟ್ ಬೇಕೆಂದಾಗುತ್ತದೆ. ಅಷ್ಟು ಬೇಕಾಗುವುದು ಅಪರೂಪ.

ನಿಮ್ಮ ತೊಟ್ಟಿಗೆ ಎಷ್ಟು ಬೇಕೆಂದು ನೀವೇ ಅಳೆಯಬಹುದು. 1700 ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 2 ಯೂನಿಟ್ ವಿದ್ಯುತ್ ಬೇಕು. ಒಂದು ಡಿಗ್ರಿ ಇಳಿಯಿತೆಂದರೆ ಅಷ್ಟೇ ಶಾಖ ಹೊರಹೋಯಿತೆಂದು ಅರ್ಥ. ಮೀನು ಬಿಡುವ ಮುಂಚೆ, ಚಳಿಗಾಲದ ಒಂದು ರಾತ್ರಿ ಎಂಟು ಗಂಟೆಗೆ ಹೀಟರ್ ಆರಿಸಿ, ಥರ್ಮಾಮೀಟರ್ ನೋಡಿ ಬರೆದಿಡಿ. ಬೆಳಿಗ್ಗೆ ಆರಕ್ಕೆ ಮತ್ತೆ ನೋಡಿ. ಹತ್ತು ಗಂಟೆಯಲ್ಲಿ ಎರಡು ಡಿಗ್ರಿ ಇಳಿದಿದ್ದರೆ 4 ಯೂನಿಟ್ ಸೋರಿದೆ. ಗಂಟೆಗೆ ಲೆಕ್ಕ ಹಾಕಿದರೆ ಸರಾಸರಿ 400 ವ್ಯಾಟ್. ಅದರ ಎರಡು ಪಟ್ಟಿನಷ್ಟು ಹೀಟರ್ ಇದ್ದರೆ ಧಾರಾಳವಾಯಿತು. ಅಂಗಡಿಯವರ ಅಂದಾಜಿಗಿಂತ ಈ ಒಂದು ರಾತ್ರಿಯ ಅಳತೆಯನ್ನು ನಂಬಿ.

ಹೀಟರ್ ಕೊಳ್ಳುವ ಮೊದಲು ಮುಚ್ಚಳ ಮಾಡಿಸಿ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಯೂನಿಟ್ಟಿನ ಮೂರನೇ ಎರಡು ಪಾಲಿನಷ್ಟು ಶಾಖವನ್ನು ಜೊತೆಗೆ ಒಯ್ಯುತ್ತದೆ. ತೆರೆದ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ಆರಿದರೆ ಇಡೀ ತೊಟ್ಟಿಯನ್ನು ಒಂದು ಡಿಗ್ರಿ ಏರಿಸುವಷ್ಟು ಶಾಖ ಗಾಳಿಯ ಪಾಲಾಯಿತು. ಮೇಲೆ ಗಾಜಿನ ಮುಚ್ಚಳ, ಹಿಂಬದಿಗೆ ಒಂದು ಪದರ ಥರ್ಮೋಕೋಲ್: ಇವೆರಡಕ್ಕೆ ತಗಲುವ ಖರ್ಚು ಕರೆಂಟಿನ ಬಿಲ್ಲಿನಲ್ಲಿ ಬೇಗ ಹಿಂದಿರುಗುತ್ತದೆ.

ಎಲ್ಲ ಮೀನಿಗೂ ಹೀಟರ್ ಬೇಕೆಂದೇನಿಲ್ಲ. ಅಮೆಜಾನ್ ಕೊಳ್ಳದ ಡಿಸ್ಕಸ್ ಮೀನಿಗೆ 28ರಿಂದ 30 ಡಿಗ್ರಿ ಬೇಕು. ಚಳಿಗಾಲದ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ಬೆಂಗಳೂರಿನಲ್ಲಿ ಅದಕ್ಕೆ ಹೀಟರ್ ಇಲ್ಲದೆ ಆಗದು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆಳೆದ, ‘ಮಿಸ್ ಕೇರಳ’ ಎಂದು ಹೆಸರಾದ ಡೆನಿಸನ್ ಬಾರ್ಬ್ ಮೀನಿಗೆ ಬೇಕಾದದ್ದು ತಂಪಾದ ಹರಿಯುವ ನೀರು. ಅದನ್ನು ಡಿಸ್ಕಸ್ ಜೊತೆ ಒಂದೇ ತೊಟ್ಟಿಗೆ ಬಿಡುವುದು ಎರಡಕ್ಕೂ ಅನ್ಯಾಯ.

ಹೀಟರ್ ಎಷ್ಟು ವ್ಯಾಟಿನದು ಎಂಬಷ್ಟೇ ಮುಖ್ಯವಾದದ್ದು ಎಷ್ಟು ಹೀಟರ್ ಎಂಬುದು. ಥರ್ಮೋಸ್ಟಾಟ್ ಕೆಟ್ಟರೆ ಎರಡು ರೀತಿ ಕೆಡಬಹುದು: ಉರಿಯದೇ ಇರಬಹುದು, ಆರದೇ ಉಳಿಯಬಹುದು. ಎರಡನೆಯದು ಮೀನನ್ನು ಬೇಯಿಸುತ್ತದೆ. 900 ವ್ಯಾಟಿನ ಒಂದೇ ಹೀಟರ್ ಹೀಗೆ ಸಿಕ್ಕಿಕೊಂಡರೆ ನೀರು ಏರುತ್ತಲೇ ಹೋಗುತ್ತದೆ. ಬದಲಿಗೆ 300 ವ್ಯಾಟಿನ ಮೂರು ಇಟ್ಟಿದ್ದೀರಿ ಎನ್ನಿ. ಒಂದು ಆರದೆ ಉಳಿದರೆ ಉಳಿದೆರಡು ತಾವಾಗಿ ಆರುತ್ತವೆ. 400 ವ್ಯಾಟ್ ಸೋರುವ ಚಳಿರಾತ್ರಿಯಲ್ಲಿ ಆ ಒಂದೇ ಹೀಟರಿನಿಂದ ನೀರು ಕಾದುಹೋಗದು. ಒಂದು ಸತ್ತರೂ ಉಳಿದೆರಡು ಸೇರಿ 600 ವ್ಯಾಟ್ ಕೊಡುತ್ತವೆ. ಮೂರಕ್ಕೂ ಸೇರಿಸಿ ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಹಾಕಿದರೆ ಇನ್ನೂ ನೆಮ್ಮದಿ.

ಇನ್ನು ಶೋಧನೆ. ಫಿಲ್ಟರ್ ಅಂದರೆ ಕಸ ಹಿಡಿಯುವ ಜರಡಿ ಎಂದು ಹಲವರ ಎಣಿಕೆ. ಕಣ್ಣಿಗೆ ಕಾಣುವ ಕಸದಿಂದ ಮೀನು ಸಾಯುವುದು ಕಡಿಮೆ. ಸಾಯುವುದು ಕಾಣದ ಅಮೋನಿಯಾದಿಂದ. ಮೀನಿನ ಕಿವಿರುಗಳಿಂದ ಅದು ಸದಾ ಹೊರಬರುತ್ತಿರುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಎರಡನೆಯ ಕೆಲಸ ನೈಟ್ರೊಬ್ಯಾಕ್ಟರ್‌ನದೆಂದು ಬಹುಕಾಲ ನಂಬಿದ್ದರು. ಸಿಹಿನೀರಿನ ಅಕ್ವೇರಿಯಮ್ಮಿನಲ್ಲಿ ಅದನ್ನು ಮಾಡುವುದು ನೈಟ್ರೊಸ್ಪೈರಾ ಜಾತಿಯವು ಎಂದು ತಿಮೊಥಿ ಹೋವನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಈ ಜೀವಿಗಳು ಬಲು ನಿಧಾನಕ್ಕೆ ಬೆಳೆಯುತ್ತವೆ. ಹೊಸ ಫಿಲ್ಟರ್ ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು. ದಯವಿಟ್ಟು ಅಷ್ಟು ದಿನ ಕಾಯಿರಿ.

ಇವು ಅಂಟಿಕೊಂಡು ಬದುಕಲು ಜಾಗ ಬೇಕು, ಉಸಿರಾಡಲು ಆಮ್ಲಜನಕ ಬೇಕು. ಎರಡನ್ನೂ ಯಥೇಚ್ಛ ಕೊಡುವುದು ಸಂಪ್. ಇದು ಅಂಗಳದಲ್ಲಿ ಕಾವೇರಿ ನೀರು ತುಂಬಿಸುವ ಸಂಪ್ ಅಲ್ಲ. ತೊಟ್ಟಿಯ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಎರಡನೆಯ ತೊಟ್ಟಿ. ಮೇಲಿನ ನೀರು ಅಂಚಿನಿಂದ ತುಳುಕಿ ಕೊಳವೆಯಲ್ಲಿ ಇಳಿಯುತ್ತದೆ, ಸ್ಪಂಜುಗಳನ್ನು, ಆಮೇಲೆ ರಂಧ್ರಗಳ ಸೆರಾಮಿಕ್ ಬಿಲ್ಲೆಗಳನ್ನು ಹಾದು ಕೊನೆಯ ಖಾನೆ ಸೇರುತ್ತದೆ, ಅಲ್ಲಿಂದ ಪಂಪು ಮೇಲೆತ್ತುತ್ತದೆ. ಗಂಟೆಗೆ ನಾಲ್ಕು ಸುತ್ತು ನೀರು ತಿರುಗಿದರೆ ಸಾಕು, ಅಂದರೆ ಸುಮಾರು 7000 ಲೀಟರ್. ಪೆಟ್ಟಿಗೆಯ ಮೇಲೆ ಬರೆದ ಅಂಕಿ ನೀರನ್ನು ಮೇಲೆತ್ತದೆ ಹರಿಸಿದಾಗಿನದು. ಐದಡಿ ಏರಿಸುವಾಗ ಅದು ಬಹಳ ಇಳಿಯುತ್ತದೆ.

ಹೀಟರುಗಳಿಗೂ ಸಂಪೇ ಸರಿಯಾದ ಜಾಗ. ಆಸ್ಕರ್, ದೊಡ್ಡ ಕ್ಯಾಟ್‌ಫಿಶ್‌ಗಳು ತೊಟ್ಟಿಯೊಳಗಿನ ಗಾಜಿನ ಹೀಟರನ್ನು ಗುದ್ದಿ ಒಡೆಯುವುದುಂಟು. ಆದರೆ ಪಂಪಿರುವ ಕೊನೆಯ ಖಾನೆಯಲ್ಲಿ ಇಡಬೇಡಿ. ಇಡೀ ತೊಟ್ಟಿಯಲ್ಲಿ ಆರಿದ ನೀರಿನ ಕೊರತೆ ಕಾಣುವುದು ಆ ಖಾನೆಯಲ್ಲೇ. ಮಟ್ಟ ಇಳಿದು ಹೀಟರ್ ಗಾಳಿಗೆ ಬಂದರೆ ಕಾದು ಸೀಳುತ್ತದೆ. ನೀರಿನ ಮಟ್ಟ ಬದಲಾಗದ ನಡುವಿನ ಖಾನೆ ಅದಕ್ಕೆ ಸುರಕ್ಷಿತ. ವಿದ್ಯುತ್ ಲೈನಿಗೆ ಅರ್ಥಿಂಗ್ ಮತ್ತು ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಬೇಕು.

ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ನಲ್ಲಿ ನೀರಿನ ಕ್ಲೋರಿನ್ ನೀವು ಆರು ವಾರ ಸಾಕಿದ ಜೀವಿಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ.

ಸಂಪ್ ಜೋಡಿಸಿದ ಮೊದಲ ದಿನವೇ ಪಂಪಿನ ಸ್ವಿಚ್ ಆರಿಸಿ ನೋಡಿ. ಮೇಲಿನ ತೊಟ್ಟಿಯಲ್ಲಿ ಒಂದು ಇಂಚು ನೀರು ಇಳಿದರೆ 57 ಲೀಟರ್ ಕೆಳಗೆ ಬರುತ್ತದೆ. ಅದಕ್ಕೆ ಸಂಪಿನಲ್ಲಿ ಜಾಗವಿಲ್ಲದಿದ್ದರೆ ಕರೆಂಟು ಹೋದಾಗಲೆಲ್ಲ ನೆಲವೆಲ್ಲ ನೀರು.

ಕರೆಂಟು ಹೋದಾಗ ಇನ್ನೂ ಒಂದು ಸಂಗತಿ ನೆನಪಿರಲಿ. 20 ಡಿಗ್ರಿಯ ಒಂದು ಲೀಟರ್ ನೀರು ಸಮುದ್ರಮಟ್ಟದಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದರಲ್ಲೂ ಹತ್ತನೇ ಒಂದು ಪಾಲು ಕಡಿಮೆ. ಅಷ್ಟನ್ನೇ ಮೀನು ಮತ್ತು ಫಿಲ್ಟರಿನ ಜೀವಿಗಳು ಹಂಚಿಕೊಳ್ಳಬೇಕು. ದೊಡ್ಡ ತೊಟ್ಟಿಯ ಬಿಸಿ ಹತ್ತು ಗಂಟೆ ತಾಳುತ್ತದೆ, ಮೀನು ತುಂಬಿದ ತೊಟ್ಟಿಯ ಆಮ್ಲಜನಕ ಅಷ್ಟು ತಾಳುವುದಿಲ್ಲ. ಆದ್ದರಿಂದ ಮನೆಯ ಯುಪಿಎಸ್‌ಗೆ ಹೀಟರ್ ಜೋಡಿಸಬೇಡಿ. ಐದಾರು ವ್ಯಾಟಿನ ಏರ್ ಪಂಪನ್ನು ಜೋಡಿಸಿ.