ಹಮ್ಮಿಂಗ್ ಬರ್ಡ್‌ಗೊಂದು ಹೂವಿನ ಪಂಚಾಂಗ

ಒಂದು ರೂಪಾಯಿ ನಾಣ್ಯದಷ್ಟು, ಅಂದರೆ ಸುಮಾರು 3 ಗ್ರಾಂ ತೂಗುವ ಹಕ್ಕಿಯೊಂದು ಮೆಕ್ಸಿಕೊ ಕೊಲ್ಲಿಯ 800 ಕಿಲೋಮೀಟರ್ ನೀರನ್ನು ಎಲ್ಲೂ ಇಳಿಯದೆ ದಾಟಬಲ್ಲದು. ಅದರ ಹೆಸರು ರೂಬಿ ಥ್ರೋಟೆಡ್ ಹಮ್ಮಿಂಗ್ ಬರ್ಡ್. ಗಂಡಿನ ಕೊರಳು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದರಿಂದ ಆ ಹೆಸರು ಬಂತು. ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಉತ್ತರಕ್ಕೆ ಹೊರಡುತ್ತದೆ. ಪ್ರಯಾಣಕ್ಕೆ ಮುಂಚೆ ಕೊಬ್ಬು ಕೂಡಿಟ್ಟು ತನ್ನ ತೂಕವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳುತ್ತದೆ. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಗೂಡು ಕಟ್ಟಿ ಮರಿ ಮಾಡುವ ಹಮ್ಮಿಂಗ್ ಬರ್ಡ್ ಇದೊಂದೇ. ಜಾರ್ಜಿಯಾ, ನಾರ್ತ್ ಕೆರೊಲಿನಾ, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗರ ಹಿತ್ತಲಿಗೂ ಬರುವುದು ಇದೇ ಹಕ್ಕಿ.

ಇದನ್ನು ಕರೆಯುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಕೆಂಪು ಹೂವಿನ ಗಿಡವೊಂದನ್ನು ನೆಡಿ ಎಂಬುದು. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ತಿಳಿಯಬೇಕಾದರೆ ಹಕ್ಕಿಯ ಹೊಟ್ಟೆಪಾಡನ್ನು ನೋಡಬೇಕು. ಗಾಳಿಯಲ್ಲಿ ನಿಂತಲ್ಲೇ ನಿಂತು ಮಕರಂದ ಹೀರುವಾಗ ಅದರ ರೆಕ್ಕೆ ಸೆಕೆಂಡಿಗೆ ಸುಮಾರು 50 ಸಲ ಬಡಿಯುತ್ತದೆ. ಹೃದಯ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಮಿಡಿಯಬಲ್ಲದು. ಇಷ್ಟು ಶಕ್ತಿ ಸುಡುವ ಪುಟ್ಟ ದೇಹ ಹಗಲೆಲ್ಲ ಮತ್ತೆ ಮತ್ತೆ ಉಣ್ಣಲೇಬೇಕು. ದಿನಕ್ಕೆ ನೂರಾರು ಹೂಗಳಿಗೆ ಮುಖ ಇಡಲೇಬೇಕು. ಚಳಿ ರಾತ್ರಿಗಳಲ್ಲಿ ಶಕ್ತಿ ಉಳಿಸಲು ಅದು ದೇಹದ ಬಿಸಿಯನ್ನು ಇಳಿಸಿಕೊಂಡು, ಹೃದಯಬಡಿತ ತಗ್ಗಿಸಿಕೊಂಡು ಜಡನಿದ್ದೆಗೆ ಜಾರುವುದೂ ಉಂಟು. ಹದಿನೈದು ದಿನ ಅರಳಿ ಮುಗಿಯುವ ಒಂದು ಗಿಡ ಇಂಥ ಹಕ್ಕಿಯ ಬೇಸಿಗೆಯನ್ನು ಸಾಗಿಸಲಾರದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹೂ ಮುಗಿಯುವ ಮೊದಲೇ ಇನ್ನೊಂದು ಅರಳುವಂತೆ ಹಿತ್ತಲನ್ನು ಜೋಡಿಸುವುದೇ ನಿಜವಾದ ಆಹ್ವಾನ.

ಯಾವ ಹೂ ಎಂಬುದಕ್ಕೆ ಉತ್ತರವನ್ನು ಪ್ರಕೃತಿಯೇ ಬರೆದಿಟ್ಟಿದೆ. ಹಮ್ಮಿಂಗ್ ಬರ್ಡ್‌ಗಳನ್ನೇ ನಂಬಿ ವಿಕಾಸಗೊಂಡ ಹೂಗಳು ಸಾಮಾನ್ಯವಾಗಿ ಕೆಂಪು ಅಥವಾ ಕಿತ್ತಳೆ ಬಣ್ಣದವು. ಜೇನ್ನೊಣದ ಕಣ್ಣು ಕೆಂಪನ್ನು ಚೆನ್ನಾಗಿ ಗುರುತಿಸದು, ಹಕ್ಕಿಯ ಕಣ್ಣು ಗುರುತಿಸುತ್ತದೆ. ಹೀಗಾಗಿ ಮಕರಂದ ಹಕ್ಕಿಯ ಪಾಲಿಗೆ ಉಳಿಯುತ್ತದೆ. ಈ ಹೂಗಳಿಗೆ ಪರಿಮಳ ಇಲ್ಲವೆಂದೇ ಹೇಳಬಹುದು, ಹಕ್ಕಿ ಹೂವನ್ನು ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಆಕಾರ ಉದ್ದನೆಯ ನಳಿಗೆಯದು, ಕೂರಲು ಎಸಳಿನ ಜಗಲಿ ಇರುವುದಿಲ್ಲ. ಹಕ್ಕಿ ಗಾಳಿಯಲ್ಲೇ ನಿಂತು ಕೊಕ್ಕು ತೂರಿಸಿದಾಗ ಪರಾಗ ಅದರ ಹಣೆಗೆ ಮೆತ್ತಿ ಮುಂದಿನ ಹೂವಿಗೆ ಸಾಗುತ್ತದೆ.

ಹಕ್ಕಿಯ ಕಡೆಯಿಂದಲೂ ಅಷ್ಟೇ ಆಳವಾದ ಹೊಂದಾಣಿಕೆ ಆಗಿದೆ. ಸಿಹಿಯನ್ನು ಗುರುತಿಸಲು ಬೇಕಾದ ಜೀನ್ ಒಂದನ್ನು ಹಕ್ಕಿಗಳ ಪೂರ್ವಜರು ಎಂದೋ ಕಳೆದುಕೊಂಡಿದ್ದರು. ಮಾಂಸದಂಥ ಆಹಾರದ ರುಚಿಯನ್ನು ಗುರುತಿಸುವ ಗ್ರಾಹಕವನ್ನೇ ಹಮ್ಮಿಂಗ್ ಬರ್ಡ್‌ಗಳು ಮಾರ್ಪಡಿಸಿಕೊಂಡು ಸಕ್ಕರೆಯ ರುಚಿಯನ್ನು ಮರಳಿ ಪಡೆದವು ಎಂದು ಮಾಡ್ ಬಾಲ್ಡ್ವಿನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ನಾಲಗೆಯ ಕಥೆಯೂ ಸೊಗಸು. ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ಮಕರಂದ ನಾಲಗೆಯೊಳಗೆ ಏರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಲೆಹಾಂಡ್ರೊ ರಿಕೊ ಗೆವಾರಾ ಮತ್ತು ಮಾರ್ಗರೆಟ್ ರುಬೆಗಾ 2011ರಲ್ಲಿ ಅದನ್ನು ತಿದ್ದಿದರು. ಎರಡಾಗಿ ಸೀಳಿದ ನಾಲಗೆಯ ತುದಿ ಮಕರಂದದೊಳಗೆ ಬಿಚ್ಚಿಕೊಂಡು, ಹೊರಬರುವಾಗ ಮುಚ್ಚಿಕೊಂಡು ದ್ರವವನ್ನು ಸೆರೆಹಿಡಿಯುತ್ತದೆ.

ಈಗ ಹಿತ್ತಲಿನ ಪಂಚಾಂಗಕ್ಕೆ ಬರೋಣ. ವಸಂತದ ಮೊದಲ ಊಟ ಕೆಂಪು ಕೋಲಂಬೈನ್. ಕೆಂಪು-ಹಳದಿ ಹೂಗಳು ತಲೆಕೆಳಗಾಗಿ ತೂಗುವ ಈ ಗಿಡ, ಹಕ್ಕಿ ಬರುವ ಹೊತ್ತಿಗೇ ಏಪ್ರಿಲ್-ಮೇ ತಿಂಗಳಲ್ಲಿ ಅರಳುತ್ತದೆ, ಅರೆನೆರಳಲ್ಲೂ ಬೆಳೆಯುತ್ತದೆ. ಅದರ ಜೊತೆಗೇ ಹೂ ಶುರುಮಾಡುವ ಬಳ್ಳಿ ಕೋರಲ್ ಹನಿಸಕಲ್. ಹೊರಗೆ ಕೆಂಪು, ಒಳಗೆ ಹಳದಿಯ ನಳಿಗೆ ಹೂಗಳು ಗೊಂಚಲು ಗೊಂಚಲಾಗಿ ಬಂದು, ಬೇಸಿಗೆಯುದ್ದಕ್ಕೂ ಬಿಟ್ಟು ಬಿಟ್ಟು ಅರಳುತ್ತಿರುತ್ತವೆ. ಒಂದೇ ಬಳ್ಳಿಗೆ ಜಾಗವಿದ್ದರೆ ಇದನ್ನೇ ಆರಿಸಿ. ಬೇಲಿಗೋ ಚಪ್ಪರಕ್ಕೋ ಹಬ್ಬಿಸಿ, ಬಿಸಿಲು ಚೆನ್ನಾಗಿ ಬೀಳುವಂತೆ ನೋಡಿಕೊಂಡರೆ ಸಾಕು.

ಜೂನ್-ಜುಲೈಗೆ ಬೀ ಬಾಮ್ ಇದೆ. ತುಳಸಿಯ ಕುಟುಂಬಕ್ಕೆ ಸೇರಿದ ಇದರ ಎಲೆ ಕಿವುಚಿದರೆ ಘಮಘಮಿಸುತ್ತದೆ, ಹೂ ಕಡುಗೆಂಪು. ನಡುಬೇಸಿಗೆಯಲ್ಲಿ ಟ್ರಂಪೆಟ್ ಕ್ರೀಪರ್ ಬಳ್ಳಿಯ ದೊಡ್ಡ ಕಿತ್ತಳೆ ತುತ್ತೂರಿಗಳು ಹಕ್ಕಿಯನ್ನು ದೂರದಿಂದಲೇ ಸೆಳೆಯುತ್ತವೆ. ಆದರೆ ಇದು ಬಲು ಹುರುಪಿನ ಬಳ್ಳಿ. ಬೇರಿನಿಂದ ಹೊಸ ಚಿಗುರೆಬ್ಬಿಸಿ ಹರಡುತ್ತದೆ, ಗೋಡೆಗೆ ಅಂಟುಬೇರು ಊರುತ್ತದೆ. ಮನೆಯಿಂದ ದೂರ, ಗಟ್ಟಿ ಕಂಬಕ್ಕೆ ಹಬ್ಬಿಸಿ ವರ್ಷವರ್ಷ ಸವರುವವರಿಗೆ ಮಾತ್ರ ಇದು ಸರಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ತೇವದ ನೆಲದಲ್ಲಿ ಕಾರ್ಡಿನಲ್ ಹೂವೂ, ನಮ್ಮ ಕರ್ಣಕುಂಡಲದ ಹತ್ತಿರದ ಬಂಧು ಜ್ಯುವೆಲ್‌ವೀಡ್ ಕೂಡ ಅರಳುತ್ತವೆ. ದಕ್ಷಿಣದ ಪ್ರಯಾಣಕ್ಕೆ ಹಕ್ಕಿಗಳು ಕೊಬ್ಬು ಕೂಡಿಸುವ ಕಾಲವದು, ಆ ಕೊನೆಯ ಹೂಗಳ ಬೆಲೆ ಹೆಚ್ಚು.

ನರ್ಸರಿಯಲ್ಲಿ ಒಂದು ಎಚ್ಚರ ಬೇಕು. ಹನಿಸಕಲ್ ಎಂಬ ಹೆಸರಿನಲ್ಲೇ ಜಪಾನೀ ಹನಿಸಕಲ್ ಕೂಡ ಇದೆ. ಬಿಳಿಯಾಗಿ ಅರಳಿ ಹಳದಿಗೆ ತಿರುಗುವ, ಪರಿಮಳದ ಈ ಬಳ್ಳಿ ಅಮೆರಿಕದ ಕಾಡುಗಳಿಗೆ ನುಗ್ಗಿ ಸ್ಥಳೀಯ ಗಿಡಗಳನ್ನು ಮುಸುಕಿ ಸಾಯಿಸುತ್ತಿದೆ. ಕೊಳ್ಳುವ ಮುನ್ನ ಚೀಟಿಯ ಮೇಲಿನ ವೈಜ್ಞಾನಿಕ ಹೆಸರು ಓದಿ: ಬೇಕಾದದ್ದು ಲೋನಿಸೆರಾ ಸೆಂಪರ್‌ವೈರೆನ್ಸ್, ಬೇಡವಾದದ್ದು ಲೋನಿಸೆರಾ ಜಪಾನಿಕಾ. ನೆಡುವಾಗ ಒಂದೇ ಬಗೆಯ ಮೂರು-ನಾಲ್ಕು ಗಿಡಗಳನ್ನು ಒಟ್ಟಿಗೆ ನೆಡಿ, ಅಂಥ ಗುಂಪುಗಳನ್ನು ಹಿತ್ತಲಿನ ಬೇರೆ ಬೇರೆ ಮೂಲೆಗಳಲ್ಲಿ ಇಡಿ. ಒಂದೇ ಕಡೆ ಹೂಗಳಿದ್ದರೆ ಜಗಳಗಂಟ ಗಂಡೊಂದು ಅಷ್ಟನ್ನೂ ತನ್ನದೆಂದು ಕಾಯ್ದು ಉಳಿದ ಹಕ್ಕಿಗಳನ್ನು ಅಟ್ಟಿಬಿಡುತ್ತದೆ.

ಮಕರಂದ ಬರೀ ಶಕ್ತಿ ಕೊಡುತ್ತದೆ, ಮೈ ಬೆಳೆಯಲು ಪ್ರೋಟೀನ್ ಬೇಕು. ಅದಕ್ಕಾಗಿ ಹಮ್ಮಿಂಗ್ ಬರ್ಡ್ ಸೊಳ್ಳೆ, ನುಸಿ, ಪುಟ್ಟ ಜೇಡಗಳನ್ನು ಹಿಡಿಯುತ್ತದೆ, ಮರಿಗಳಿಗೂ ಉಣಿಸುತ್ತದೆ. ಹೆಣ್ಣು ಒಬ್ಬಳೇ ಕಟ್ಟುವ ಗೂಡನ್ನು ಬಿಗಿದಿಡುವುದು ಜೇಡರ ಬಲೆಯ ನೂಲು, ಹೊರಮೈಗೆ ಅವಳು ಅಂಟಿಸುವುದು ಕಲ್ಲುಹೂ. ಕೀಟನಾಶಕ ಸಿಂಪಡಿಸಿದ ಹಿತ್ತಲಿನಲ್ಲಿ ಹೂ ಎಷ್ಟಿದ್ದರೂ ಈ ಸಂಸಾರ ನಡೆಯದು. ಬೇಲಿ ಮೂಲೆಯ ಜೇಡರ ಬಲೆಯನ್ನು ಗುಡಿಸದೆ ಬಿಡುವುದೂ ತೋಟಗಾರಿಕೆಯೇ.

ಹೂಗಳಿಲ್ಲದ ವಾರಗಳಿಗೆ ಸಕ್ಕರೆನೀರಿನ ಬುಡ್ಡಿ ತೂಗಿಸಬಹುದು. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಅಷ್ಟೇ. ಜೇನು, ಬೆಲ್ಲ, ಕೆಂಪು ಬಣ್ಣ ಯಾವುದೂ ಬೇಡ. ಬಿಸಿಲಿನಲ್ಲಿ ಅದು ಬೇಗ ಹುಳಿತು ಬೂಷ್ಟು ಹಿಡಿಯುವುದರಿಂದ ಎರಡು-ಮೂರು ದಿನಕ್ಕೊಮ್ಮೆ ತೊಳೆದು ಹೊಸದಾಗಿ ತುಂಬಬೇಕು.

ಹಿತ್ತಲಿನ ಗಿಡದಿಂದ ಎಷ್ಟು ತಾನೇ ಆದೀತು ಎಂದು ಕೇಳುವವರಿಗೆ ಅಮೆರಿಕದ ಪಶ್ಚಿಮ ಕರಾವಳಿಯ ಅನ್ನಾಸ್ ಹಮ್ಮಿಂಗ್ ಬರ್ಡ್ ಉತ್ತರ. ಒಂದು ಕಾಲಕ್ಕೆ ಕ್ಯಾಲಿಫೋರ್ನಿಯಾ ಸೀಮೆಗೆ ಸೀಮಿತವಾಗಿದ್ದ ಈ ಹಕ್ಕಿ, ಮನೆತೋಟಗಳ ಹೂ ಮತ್ತು ಸಕ್ಕರೆನೀರಿನ ಬಲದಿಂದ ಉತ್ತರಕ್ಕೆ ಹಬ್ಬುತ್ತ ಕೆನಡಾದ ವ್ಯಾಂಕೂವರ್‌ವರೆಗೆ ಹೋಗಿ ಚಳಿಗಾಲದಲ್ಲೂ ಅಲ್ಲೇ ನಿಂತಿತು. 2017ರಲ್ಲಿ ಅದು ಆ ನಗರದ ಅಧಿಕೃತ ಹಕ್ಕಿಯಾಯಿತು.

ಕರ್ನಾಟಕದಲ್ಲಿ ದಾಸವಾಳಕ್ಕೆ ಬರುವ ಪುಟ್ಟ ಹೊಳೆವ ಹಕ್ಕಿಯನ್ನು ಹಲವರು ಹಮ್ಮಿಂಗ್ ಬರ್ಡ್ ಎನ್ನುತ್ತಾರೆ. ಅದು ಸೂರಕ್ಕಿ, ಬೇರೆಯೇ ಕುಟುಂಬದ್ದು. ಹಮ್ಮಿಂಗ್ ಬರ್ಡ್‌ಗಳು ಇಂದು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಆದರೆ ಅವುಗಳ ಹೂಗಳು ನಮ್ಮಲ್ಲಿಗೆ ಬಂದಿವೆ. ಬೆಂಗಳೂರಿನ ತೋಟಗಳ ಹಮೇಲಿಯಾ ಪೊದೆಯೂ, ಚಳಿಗಾಲದಲ್ಲಿ ಕಾಂಪೌಂಡಿನ ಮೇಲೆ ಕಿತ್ತಳೆ ರಾಶಿ ಸುರಿಯುವ ಫ್ಲೇಮ್ ವೈನ್ ಬಳ್ಳಿಯೂ ಹಮ್ಮಿಂಗ್ ಬರ್ಡ್‌ಗಳ ನಾಡಿನವು. ಇಲ್ಲಿ ಅವಕ್ಕೆ ಮುಖ ಇಡುವುದು ಸೂರಕ್ಕಿ. ನಳಿಗೆ ತೀರಾ ಉದ್ದವಾದರೆ ಸೂರಕ್ಕಿ ಬುಡದಲ್ಲಿ ತೂತು ಕೊರೆದು ಮಕರಂದ ಹೀರಿಬಿಡುವುದುಂಟು. ಹಾಗಾದಾಗ ಹೂವಿಗೆ ಪರಾಗದ ಪ್ರಯೋಜನ ಸಿಗದು. ಹೂ ಮತ್ತು ಹಕ್ಕಿ ಒಂದೇ ನೆಲದಲ್ಲಿ ಜೊತೆಯಾಗಿ ಬೆಳೆದಾಗಲೇ ಕೊಡುಕೊಳ್ಳುವಿಕೆ ಪೂರ್ಣವಾಗುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ಆದ್ದರಿಂದ ಅಮೆರಿಕದ ಪೂರ್ವದಲ್ಲಿರುವ ಓದುಗರೇ, ಈ ವಸಂತದಲ್ಲಿ ಒಂದು ಕೋರಲ್ ಹನಿಸಕಲ್ ನೆಡಿ. ಮುಂದಿನ ವರ್ಷ ಅದರ ಪಕ್ಕಕ್ಕೆ ಕೋಲಂಬೈನ್, ಬೀ ಬಾಮ್, ಕಾರ್ಡಿನಲ್ ಹೂ ಸೇರಿಸಿ. ಸಿಂಪಡಣೆಯ ಔಷಧವನ್ನು ಮನೆಗೆ ತರಬೇಡಿ. ಹಕ್ಕಿ ಬಂದು ಹೋಗುವುದಷ್ಟೇ ಅಲ್ಲ, ಮರಳಿ ಬರುವಂಥ ಹಿತ್ತಲು ಆಗ ನಿಮ್ಮದಾಗುತ್ತದೆ.